ಐದು ವೋಲ್ಟಿನ ಡಬ್ಬಿ

ಶಿಕಾರಿಪುರ
ಆಗಸ್ಟ್ 4, 2025

ಪೂಜ್ಯ ಮಾವನವರಿಗೆ ಸುಮಾ ಮಾಡುವ ನಮಸ್ಕಾರಗಳು.

ಸಂಜೆ ಐದು ಗಂಟೆ. ಬೆಳಗಿನಿಂದ ಕರೆಂಟು ಹೋಗಿ ಬಂದು ಮಾಡುತ್ತಿದೆ. ಅಂಗಡಿಗೆ ಒಂದು ಮಿಕ್ಸಿ ಮತ್ತು ಯಾರದೋ ಸೆಟ್‌ಟಾಪ್ ಬಾಕ್ಸು ಬಂದವು. ಮಧ್ಯಾಹ್ನದ ಬಸ್ಸಿಗೆ ನೀವು ಸೊರಬದಿಂದ ಕಳಿಸಿದ ಮಿಠಾಯಿ ಡಬ್ಬ ಬಂತು.

ಡಬ್ಬದಲ್ಲಿ ಒಂದು ಮಿಷಿನ್ನಿನ ಬೋರ್ಡು ಇತ್ತು. ಕಾಗದ ಇರಲಿಲ್ಲ.

ಹತ್ತಿಯ ಕೆಳಗೆ ನೋಡಿದೆ, ಮುಚ್ಚಳದ ಒಳಗೂ ನೋಡಿದೆ. ನಿಮ್ಮಿಂದ ಕಾಗದವಿಲ್ಲದೆ ಬೋರ್ಡು ಬಂದದ್ದು ಇದೇ ಮೊದಲು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಿಮ್ಮ ರೇಡಿಯೋ ಅಂಗಡಿಯಲ್ಲಿ ನೀವು ಕಲಿಸಿದ ಮೊದಲ ಪಾಠವೇ ಅದು. ಕೆಟ್ಟ ವಸ್ತು ಬೇರೆಯವರ ಕೈಗೆ ಹೋಗುವಾಗ ಜತೆಗೆ ಒಂದು ಕಾಗದ ಹೋಗಬೇಕು. ಮೊದಲು ಹೊತ್ತು, ಆಮೇಲೆ ಕರೆಂಟು ಹೇಗಿತ್ತು, ಆ ದಿನ ಏನೇನಾಯಿತು, ಏನು ಕಂಡಿತು. ಕಡೆಯ ಸಾಲಿನಲ್ಲಿ ನಾಳೆಯ ಕೆಲಸ. "ಅಂದ್ಕಂಡಿದ್ದು ಬರೀಬ್ಯಾಡ ಸುಮಾ, ಕಂಡಿದ್ದು ಬರಿ" ಎನ್ನುತ್ತಿದ್ದಿರಿ. ನಿಮ್ಮ ಮಗನೂ ಇಲ್ಲಿ ಅದನ್ನೇ ನಡೆಸಿಕೊಂಡು ಬಂದರು. ಮಾರ್ಚಿನಲ್ಲಿ ಅವರು ಜ್ವರದಲ್ಲಿ ತೀರಿಹೋದ ಮೇಲೆ ನಾನೂ ಬಿಟ್ಟಿಲ್ಲ.

ಬೋರ್ಡು ಅತ್ತೆಯ ಆಕ್ಸಿಜನ್ ಮಿಷಿನ್ನಿನದು ಎಂದು ಗುರುತು ಸಿಕ್ಕಿತು. ಹೋದ ವರ್ಷ ಅದಕ್ಕೆ ಫ್ಯೂಸು ಹಾಕಿಕೊಟ್ಟವರು ನಾವೇ. ಕಂಡಕ್ಟರ್ ಭೀಮಣ್ಣ ಡಬ್ಬ ಕೊಡುವಾಗ, "ನಿಮ್ಮತ್ತೀದು ಉಸಿರಿನ ಮಿಷಿನ್ ನಿಂತೈತಂತ್ರೀ ಅಕ್ಕಾ. ನಿಮ್ಮ ಮಾವಾರು ಡಬ್ಬಿ ಕೈಗಿಟ್ಟು ಹಂಗೇ ನಿಂತಿದ್ರು. ಬಸ್ಸು ಬಿಟ್ಟ ಮ್ಯಾಲೂ ಅಲ್ಲೇ ನಿಂತಿದ್ರು" ಎಂದ.

ನೀವು ಫೋನ್ ಮಾಡಿದ್ದನ್ನು ನೋಡಿದೆ. ಎತ್ತಲಿಲ್ಲ. ದಯವಿಟ್ಟು ಬರೆಯಿರಿ. ಮಿಷಿನ್ ಶುರುವೇ ಆಗುವುದಿಲ್ಲವೋ, ಶುರುವಾಗಿ ನಿಲ್ಲುತ್ತದೆಯೋ? ಅತ್ತೆ ಹೇಗಿದ್ದಾರೆ? ಸಿಲಿಂಡರ್ ಇದೆಯೇ?

ನಾಳೆ ಅಂಗಡಿ ತೆರೆದ ಕೂಡಲೇ ಬೋರ್ಡನ್ನು ಕೈಗೆತ್ತಿಕೊಳ್ಳುತ್ತೇನೆ.

ಸುಮಾ


ಸೊರಬ
ಆಗಸ್ಟ್ 5, 2025

ಚಿ. ಸುಮಾಳಿಗೆ ಆಶೀರ್ವಾದ.

ಬೆಳಗ್ಗೆ ಎಂಟು. ಕರೆಂಟು ಇದೆ, ಮಂಕಾಗಿದೆ. ನಿನ್ನೆ ಡಬ್ಬವನ್ನು ಬಸ್ಸಿಗೆ ಕೊಟ್ಟು ಬಂದ ಮೇಲೆ ನಿನ್ನತ್ತೆ ಹೂವಮ್ಮನ ಪಕ್ಕದಲ್ಲೇ ಕೂತಿದ್ದೆ.

ಕಾಗದ ಬರೆಯಲು ಕೂತಿದ್ದೆ, ಕೈ ನಡುಗಿತು. ಈ ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ. ಬೆಸುಗೆ ಹಾಕಲು ಬರುವಂತಿದ್ದರೆ ಬೋರ್ಡು ನಿನ್ನವರೆಗೆ ಬರುತ್ತಿರಲಿಲ್ಲ.

ಕಂಡದ್ದು ಇಷ್ಟು. ಸ್ವಿಚ್ ಹಾಕಿದರೆ ಹಸಿರು ದೀಪ ಬರುತ್ತದೆ, ಪಂಪು ತಿರುಗುತ್ತದೆ. ಒಳಗೆ ಗಾಳಿಯ ದಾರಿ ಬದಲಿಸುವ ವಾಲ್ವು ಟಕ್ ಎಂದ ಕೂಡಲೇ ದೀಪ ಆರಿ ಮತ್ತೆ ಮೊದಲಿನಿಂದ ಶುರು. ಹೀಗೇ ಹತ್ತಾರು ಸಲ ಆಗಿ ಕೊನೆಗೆ ಏಳಲೇ ಇಲ್ಲ. ಇಪ್ಪತ್ನಾಲ್ಕು ವೋಲ್ಟು ಒಳಗೆ ಬರುತ್ತಿದೆ. ಅದನ್ನು ಐದಕ್ಕೆ ಇಳಿಸುವ ಐಸಿಯ ಆಚೆ ಏನೂ ಇಲ್ಲ. ಪಕ್ಕದ ಕಂಡೆನ್ಸರಿನ ತಲೆ ಉಬ್ಬಿದೆ.

ಕೊರೊನಾ ಆದ ಮೇಲೆ ಅವಳ ಶ್ವಾಸಕೋಶ ಅರ್ಧಕ್ಕೆ ಬಂದದ್ದು ನಿನಗೆ ಗೊತ್ತು. ಹಗಲು ಹೇಗೋ ತಳ್ಳುತ್ತಾಳೆ, ಮಲಗಿದರೆ ಮಿಷಿನ್ ಬೇಕೇ ಬೇಕು. ಸಿಲಿಂಡರ್ ಒಂದಿದೆ. ಅದು ಮುಗಿದರೆ ಶಿವಮೊಗ್ಗದಿಂದ ಬರಬೇಕು. ಡಾಕ್ಟರು ಅಲ್ಲಿಯ ಆಸ್ಪತ್ರೆಗೇ ಸೇರಿಸಿ ಎಂದರು. ಅವಳು ಕೇಳಬೇಕಲ್ಲ. "ಆ ಆಸ್ಪತ್ರಿ ಮೆಟ್ಲು ನಾನ್ ಹತ್ತಲ್ಲ. ನನ್ ಮಗನ್ನ ಕರ್ಕಂಡ್ ಹೋಗಿ ಬರಿಗೈಲಿ ಬಂದೀವಿ. ಸಾಯದಾದ್ರೆ ಇದೇ ಮಂಚದಾಗೆ" ಎಂದಳು. ಆಮೇಲೆ ಡಾಕ್ಟರ ಮುಖವನ್ನೂ ನೋಡಲಿಲ್ಲ.

ಆ ಬೋರ್ಡು ಈಗ ಕಂಪನಿಯಿಂದ ಬರುವುದಿಲ್ಲವಂತೆ. ಹೊಸ ಮಿಷಿನ್ ತರುವ ಶಕ್ತಿ ಸದ್ಯಕ್ಕಿಲ್ಲ. ಬಾಡಿಗೆಯದಕ್ಕೆ ಹೇಳಿದ್ದೇನೆ, ನಮಗಿಂತ ಮುಂದೆ ಬಹಳ ಜನ ಇದ್ದಾರೆ.

ನಾಳೆ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿರುತ್ತೇನೆ.

ಚಂದ್ರಶೇಖರಪ್ಪ


ಶಿಕಾರಿಪುರ
ಆಗಸ್ಟ್ 6, 2025

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಬೆಳಗ್ಗೆ ಹತ್ತೂವರೆ. ಕರೆಂಟು ಚೆನ್ನಾಗಿದೆ. ಬೇರೆ ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳಿಸಿದೆ.

ಉಬ್ಬಿದ ಕಂಡೆನ್ಸರು ಒಣಗಿಹೋಗಿತ್ತು. ಐಸಿಯೂ ಒಳಗೇ ಸುಟ್ಟಿತ್ತು. ಎರಡನ್ನೂ ಬದಲಾಯಿಸಿದೆ. ಐಸಿ ನಿಮ್ಮ ಮಗನ ಡ್ರಾಯರಿನಲ್ಲೇ ಸಿಕ್ಕಿತು. ಫೆಬ್ರವರಿಯಲ್ಲಿ ಒಂದು ಪ್ಲಾಸ್ಟಿಕ್ ಕೊಳವೆ ತುಂಬ ತಂದಿಟ್ಟಿದ್ದರು. ಬಿರಡೆ ಕೂಡ ತೆಗೆದಿರಲಿಲ್ಲ. ನಾನೇ ತೆಗೆದೆ. ಮೊದಲನೆಯದು ಅತ್ತೆಗೆ ಹೋಗುತ್ತಿದೆ ಎಂದು ಒಂದು ಥರ ಸಮಾಧಾನವಾಯಿತು.

ಮೀಟರು ಸರಿಯಾಗಿ ಐದು ವೋಲ್ಟು ತೋರಿಸಿತು. ಮೇಜಿನ ಮೇಲಿರುವ ಐದು ವೋಲ್ಟಿನ ಡಬ್ಬಿಯ ಪಕ್ಕದಲ್ಲೇ ಇಟ್ಟು ನೋಡಿದೆ, ಎರಡೂ ಒಂದೇ. ಆ ಡಬ್ಬಿ ನಿಮಗೆ ನೆನಪಿರಬಹುದು. ಇವರು ಐಟಿಐ ಓದುವಾಗ ನೀವಿಬ್ಬರೂ ಸೇರಿ ಬಿಸ್ಕತ್ತಿನ ಡಬ್ಬಿಯೊಳಗೆ ಕಟ್ಟಿದ್ದು. ಇಲ್ಲಿ ಯಾವ ಮೊಬೈಲು ಬಂದರೂ ಮೊದಲು ಅದಕ್ಕೇ ಹಚ್ಚಿ ನೋಡುವುದು. ಮಾರ್ಚಿನಲ್ಲಿ ಇವರು ಎದ್ದು ಹೋಗುವಾಗ ಅದರ ಕೆಂಪು ದೀಪ ಉರಿಯುತ್ತಿತ್ತು. ನಾನು ಸ್ವಿಚ್ ಆರಿಸಿಲ್ಲ. ಕರೆಂಟು ಹೋದರೆ ಆರುತ್ತದೆ, ಬಂದರೆ ತಾನೇ ಹತ್ತಿಕೊಳ್ಳುತ್ತದೆ.

ನಿಮ್ಮ ಕಾಗದದಲ್ಲಿ "ಚಿ." ಆದ ಮೇಲೆ "ಸೌ." ಎಂದು ಬರೆದು ಹೊಡೆದುಹಾಕಿದ್ದೀರಿ. ಅಕ್ಷರ ಕಾಣದ ಹಾಗೆ ಮೂರು ನಾಲ್ಕು ಗೆರೆ ಎಳೆದಿದ್ದೀರಿ. ಹಾಗೇ ಬಿಟ್ಟಿದ್ದರೂ ನಾನು ಏನೂ ಅಂದುಕೊಳ್ಳುತ್ತಿರಲಿಲ್ಲ.

ಭೀಮಣ್ಣ ಡಬ್ಬ ತಗೊಂಡು ಅಲ್ಲಾಡಿಸಿ, "ಬರೀ ಕಬ್ಬಿಣಾನೇ ಸಾಗಿಸ್ತೀನಲ್ರೀ ಇದರಾಗ. ಒಂದ್ಸಲನಾದ್ರೂ ನಾಲ್ಕು ಮೈಸೂರುಪಾಕು ಇಡ್ರಿ, ಮಿಠಾಯಿ ಡಬ್ಬಿ ಮರ್ಯಾದಿ ಉಳೀತೈತಿ" ಎಂದ. ಅಲ್ಲಾಡಿಸಬೇಡಪ್ಪಾ ಎಂದೆ.

ನಾಳೆ ಮಿಷಿನ್ ಹೇಗೆ ನಡೆಯಿತು ಎಂದು ಒಂದು ಸಾಲು ಬರೆದು ಅವನ ಕೈಗೇ ಕೊಡಿ.

ಸುಮಾ


ಸೊರಬ
ಸೆಪ್ಟೆಂಬರ್ 3, 2025

ಚಿ. ಸುಮಾಳಿಗೆ ಆಶೀರ್ವಾದ.

ಸಂಜೆ ನಾಲ್ಕು. ಕರೆಂಟು ಸರಿಯಾಗಿದೆ. ಆದ್ದರಿಂದ ತಪ್ಪು ಕರೆಂಟಿನದಲ್ಲ.

ಬೋರ್ಡು ವಾಪಸು ಕಳಿಸುತ್ತಿದ್ದೇನೆ. ಇಷ್ಟು ದಿನ ನಡೆಯಿತು. ಗಣಪತಿ ಹಬ್ಬ ಕಳೆದ ಮೇಲೆ ಸೆಕೆ ಹೆಚ್ಚಾಯಿತಲ್ಲ, ಅಲ್ಲಿಂದ ಮಧ್ಯಾಹ್ನ ಹೊತ್ತು ನಿಲ್ಲತೊಡಗಿತು. ನಿಂತಾಗ ಅಲಾರಾಂ ಕಿರುಚುತ್ತದೆ. ನಾನು ಓಡಿ ಬಂದು ಸ್ವಿಚ್ ಆರಿಸಿ, ಆರುವವರೆಗೆ ಬೀಸಣಿಗೆಯಿಂದ ಗಾಳಿ ಹಾಕಿ, ಮತ್ತೆ ಹಾಕಬೇಕು. ನಿನ್ನತ್ತೆ ಮೂಗಿನ ಪೈಪು ಹಾಗೇ ಇಟ್ಟುಕೊಂಡು, "ನಂಗೆ ಹಾಕೂ ಗಾಳಿ ಮಿಷಿನಿಗೆ ಹಾಕ್ತಿದೀರಲ್ರೀ" ಎಂದು ನಕ್ಕಳು. ನಗಲು ಹೋಗಿ ಕೆಮ್ಮು ಹತ್ತಿತು.

ಕಂಡದ್ದು: ಐಸಿಯ ಬೆನ್ನು ಬೆರಳಿಡಲಾಗದಷ್ಟು ಬಿಸಿ. ಕಾಯಿಲೂ ಬಿಸಿ, ಸೊಳ್ಳೆ ಕಿವಿಯ ಹತ್ತಿರ ಬಂದ ಹಾಗೆ ಸಣ್ಣಗೆ ಕೀಂ ಎನ್ನುತ್ತದೆ. ಮಿಷಿನ್ನಿನ ಪಂಪಿನ ಸದ್ದಿನಲ್ಲಿ ಅದು ಕೇಳುವುದಿಲ್ಲ, ಪಂಪಿನ ವೈರು ತೆಗೆದು ಕಿವಿಯಿಟ್ಟರೆ ಕೇಳುತ್ತದೆ. ಬಿಸಿ ಎಳೆದುಕೊಳ್ಳಲೆಂದು ಐಸಿಯ ಮೇಲೆ ಮೆತ್ತಿದ್ದ ಪೇಸ್ಟನ್ನು ಥಿನ್ನರಿನಲ್ಲಿ ಒರೆಸಿ ಹೊಸದಾಗಿ ಹಚ್ಚಿದೆ. ಉಪಯೋಗವಾಗಲಿಲ್ಲ.

ನೀನು ಫೋನ್ ಎತ್ತುವುದಿಲ್ಲ. ಅವನು ಹೋದ ಮೇಲೆ ಮಾಡಿದ ಶಿವಗಣಾರಾಧನೆಯ ದಿನ ಎಲ್ಲರೆದುರು ಅಂಗಡಿಯ ಕೀಲಿಕೈ ಇಲ್ಲಿಡು ಎಂದಿದ್ದಕ್ಕೆ ಸಿಟ್ಟು ಇನ್ನೂ ಹೋಗಿಲ್ಲ ಎಂದು ತಿಳಿದಿದ್ದೇನೆ. ನೀನು ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದೆ. ಇರಲಿ. ಇದು ಅವಳ ಉಸಿರಿನ ವಿಷಯ, ಅದಕ್ಕೆ ಬರೆಯುತ್ತಿದ್ದೇನೆ.

ಸಿಲಿಂಡರ್ ಅರ್ಧ ಇದೆ. ಇವತ್ತು, ನಾಳೆ ಅದನ್ನೇ ಹಚ್ಚಿಕೊಂಡು ಮಲಗುತ್ತಾಳೆ.

ಚಂದ್ರಶೇಖರಪ್ಪ


ಶಿಕಾರಿಪುರ
ಸೆಪ್ಟೆಂಬರ್ 5, 2025

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಮಧ್ಯಾಹ್ನ ಒಂದು ಗಂಟೆ. ಕರೆಂಟು ಇದೆ. ನಿನ್ನೆಯೂ ಇವತ್ತೂ ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡು ಇದೊಂದೇ ಕೆಲಸ ಮಾಡಿದೆ.

ಮೊದಲ ಸಲ ನಾನು ಏನೂ ಹೊರೆ ಕೊಡದೆ ಬರೀ ಮೀಟರು ಹಚ್ಚಿ ನೋಡಿ ಐದು ವೋಲ್ಟು ಎಂದು ಕಳಿಸಿಬಿಟ್ಟಿದ್ದೆ. ಈ ಸಲ ಹಳೆ ಬೈಕಿನ ಆರು ವೋಲ್ಟಿನ ಬಲ್ಬು ಹಚ್ಚಿದೆ. ಬಲ್ಬು ಹತ್ತಿದ ಕೂಡಲೇ ಐದು ಇದ್ದದ್ದು ಜಾರತೊಡಗಿತು. ನಾಲ್ಕೂವರೆಗೆ ಬಂದು ನಡುಗಿತು. ಐಸಿ ಬಿಸಿಯೇರಿ ತಾನೇ ನಿಂತಿತು. ತಣ್ಣಗಾದ ಮೇಲೆ ಮತ್ತೆ ಎದ್ದಿತು. ನೀವು ಬರೆದ ಕೀಂ ಸದ್ದೂ ಕೇಳಿತು.

ಕೊಳವೆಯಿಂದ ಇನ್ನೊಂದು ಐಸಿ ತೆಗೆದು ಹಾಕಿದೆ. ಅದೂ ಹಾಗೇ. ಮತ್ತೊಂದು ಹಾಕಿದೆ, ಹಾಗೇ.

ಐದು ವೋಲ್ಟಿನ ಡಬ್ಬಿಯಲ್ಲಿರುವುದೂ ಇದೇ ನಂಬರಿನ ಐಸಿ. ಅದಕ್ಕೂ ಬಲ್ಬು ಹಚ್ಚಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮೀಟರು ಹಿಡಿದು ನೋಡಿದೆ. ಅಷ್ಟೇ.

ಕಾಯಿಲು ಬದಲಾಯಿಸಿ ದೊಡ್ಡದು ಹಾಕಿದ್ದೇನೆ. ಈಗ ಬಲ್ಬು ಹಚ್ಚಿದರೂ ಐದಕ್ಕೆ ನಿಲ್ಲುತ್ತದೆ. ಬಿಸಿ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಬೆನ್ನಿಗೆ ಅಲ್ಯೂಮಿನಿಯಂ ತಗಡು ಕಟ್ಟಿದ್ದೇನೆ. ಮಿಷಿನ್ನಿನ ಹಿಂದಿನ ಜಾಲರಿಗೆ ಬಟ್ಟೆ ತಾಗದಂತೆ ನೋಡಿಕೊಳ್ಳಿ.

ನೀವು ಬರೆದ ಇನ್ನೊಂದು ವಿಷಯಕ್ಕೆ ಉತ್ತರ ಬರೆಯಲು ಕೂತೆ. ಆಗಲಿಲ್ಲ.

ನಾಳೆ ಅತ್ತೆಯ ಹತ್ತಿರ ಕೇಳಿ ಬರೆಯಿರಿ, ಮಿಷಿನ್ ಗಾಳಿ ಮೊದಲಿನಷ್ಟು ಬರುತ್ತಿದೆಯೇ ಎಂದು.

ಸುಮಾ


ಸೊರಬ
ಅಕ್ಟೋಬರ್ 14, 2025

ಸುಮಾ,

ಬೆಳಗ್ಗೆ ಹನ್ನೊಂದು. ಕರೆಂಟಿನ ವಿಷಯ ಬರೆಯುವುದಿಲ್ಲ. ನಿನ್ನೆ ಏನಾಯಿತೆಂದು ಬರೆಯುತ್ತೇನೆ.

ಊಟವಾದ ಮೇಲೆ ಹೂವಮ್ಮ ಮಿಷಿನ್ ಹಾಕಿಕೊಂಡು ಮಲಗಿದಳು. ನಾನು ಹಿತ್ತಲಿನಲ್ಲಿದ್ದೆ. ಈ ಸಲ ಅಲಾರಾಂ ಕೂಡ ಆಗಲಿಲ್ಲ. ಐದು ವೋಲ್ಟು ಪೂರ್ತಿ ಸತ್ತರೆ ಅಲಾರಾಂ ಹೊಡೆಯುವುದಾದರೂ ಯಾವುದರಿಂದ? ಪಂಪು ತಿರುಗುತ್ತಲೇ ಇತ್ತು, ಅದಕ್ಕೇ ನನಗೆ ಸಂಶಯ ಬರಲಿಲ್ಲ. ಪಕ್ಕದ ಮನೆಯ ತುಂಗಮ್ಮ ಮಜ್ಜಿಗೆ ಕೇಳಲು ಬಂದವಳು ನೋಡಿ ಕೂಗಿದಳು. "ಅಣ್ಣಾ, ಬಾರಾ ಬ್ಯಾಗ, ಹೂವಕ್ಕನ ತುಟಿ ನೇರಳೆ ಹಣ್ಣಾಗೈತೆ!"

ಸಿಲಿಂಡರಿನ ಕೀಲಿ ತಿರುಗಿಸಲು ನನ್ನ ಕೈಗೆ ಆಗಲಿಲ್ಲ. ತುಂಗಮ್ಮನೇ ತಿರುಗಿಸಿದಳು. ನಾನು ನಿನಗೆ ಫೋನ್ ಮಾಡಿದೆ. ಮತ್ತೆ ಮತ್ತೆ ಮಾಡಿದೆ. ಯಾಕೆ ಮಾಡಿದೆ ಎಂದು ನನಗೂ ಗೊತ್ತಿಲ್ಲ, ಅಲ್ಲಿಂದ ನೀನು ಏನು ಮಾಡಲು ಸಾಧ್ಯವಿತ್ತು. ನೀನು ಎತ್ತಲಿಲ್ಲ.

ಅವಳು ಸಂಜೆಗೆ ಕಣ್ಣುಬಿಟ್ಟಳು. ಡಾಕ್ಟರು ಬಂದಿದ್ದರು. ಇನ್ನು ಈ ಮಿಷಿನ್ ನಂಬಬೇಡಿ ಎಂದರು. ಶಿವಮೊಗ್ಗದಿಂದ ತುಂಬಿದ ಸಿಲಿಂಡರ್ ತರಿಸಿದ್ದೇನೆ. ಹಗಲು ಹಚ್ಚದೆ ಉಳಿಸಿಕೊಂಡರೆ ಶನಿವಾರದವರೆಗೆ ಬಂದೀತು. ಆಮೇಲೆ ಅವಳು ಒಪ್ಪಲಿ ಬಿಡಲಿ ಆಸ್ಪತ್ರೆ. ಆ ಮಾತು ಎತ್ತಿದ್ದಕ್ಕೆ ಗೋಡೆಯ ಕಡೆ ತಿರುಗಿ ಮಲಗಿದವಳು ಅನ್ನ ಮುಟ್ಟಿಲ್ಲ.

ಈಗ ಒಂದು ವಿಷಯ. ಹೋದ ತಿಂಗಳ ಕಾಗದದಲ್ಲಿ ಪೇಸ್ಟು ಒರೆಸಿದೆ ಎಂದು ಬರೆದಿದ್ದೆ. ಒರೆಸುವಾಗ ಕಂಡದ್ದನ್ನು ಬರೆದಿರಲಿಲ್ಲ. ಥಿನ್ನರು ತಾಗಿದ ಕೂಡಲೇ ಐಸಿಯ ಮೇಲಿನ ಅಕ್ಷರ ಹತ್ತಿಗೆ ಬಂತು. ಕಂಪನಿಯ ಹೆಸರು, ನಂಬರು, ಎಲ್ಲ. ಕೆಳಗೆ ಉಜ್ಜಿದ ಗೀರು ಇತ್ತು. ಅಸಲಿ ಮಾಲಿನ ಅಕ್ಷರ ಹಾಗೆ ಅಳಿಸುವುದಿಲ್ಲ. ನನ್ನ ಮಗ ಕೊನೆಗೆ ತಂದದ್ದು ನಕಲಿ ಮಾಲು ಎಂದು ನಿನಗೆ ಬರೆಯಲು ನನ್ನಿಂದ ಆಗಲಿಲ್ಲ. ಹತ್ತಿಯನ್ನು ಒಲೆಗೆ ಹಾಕಿದೆ.

ನೀನು "ಪಕ್ಕಪಕ್ಕದಲ್ಲಿಟ್ಟು ನೋಡಿದೆ, ಅಷ್ಟೇ" ಎಂದು ಬರೆದಿದ್ದೀಯ. ನನ್ನ ಅಂಗಡಿಯಲ್ಲಿ ಕಲಿತವರು "ಅಷ್ಟೇ" ಎಂದು ಬರೆಯುವುದಿಲ್ಲ. ಏನು ಕಂಡೆ?

ಬೋರ್ಡು ಇದರ ಜತೆ ಇದೆ. ನಾಳೆ ಉತ್ತರ ಬರಲಿ.

ಚಂದ್ರಶೇಖರಪ್ಪ


ಶಿಕಾರಿಪುರ
ಅಕ್ಟೋಬರ್ 15, 2025

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಬೆಳಗ್ಗೆ ಎಂಟು. ಕರೆಂಟು ಇದೆ. ನಿನ್ನೆ ಭೀಮಣ್ಣ ಡಬ್ಬ ಕೊಟ್ಟು ಏನೂ ತಮಾಷೆ ಮಾಡದೆ ಹೋದ. ಅದರಿಂದಲೇ ನನಗೆ ಹೆದರಿಕೆಯಾಗಿತ್ತು.

ಕಂಡದ್ದು ಬರೆಯುತ್ತೇನೆ. ಈ ಐಸಿಯ ಕೆಲಸವೆಂದರೆ ಇಪ್ಪತ್ನಾಲ್ಕು ವೋಲ್ಟಿನ ದಾರಿಯನ್ನು ಬಿಡದೆ ತೆರೆದು ಮುಚ್ಚುವುದು. ಎಷ್ಟು ಬೇಗ ಮಾಡುತ್ತದೆ ಎಂಬುದನ್ನು ನಮ್ಮ ಮೀಟರು ತೋರಿಸುತ್ತದೆ. ಐದು ವೋಲ್ಟಿನ ಡಬ್ಬಿಯ ಐಸಿ ಎಷ್ಟು ಬೇಗ ತೆರೆದು ಮುಚ್ಚುತ್ತಿತ್ತೋ, ಅತ್ತೆಯ ಬೋರ್ಡಿಗೆ ನಾನು ಹಾಕಿದ್ದು ಅದರ ಮೂರನೇ ಒಂದು ಪಾಲು ಮಾತ್ರ. ನಿಧಾನವಾದಷ್ಟೂ ಕಾಯಿಲಿನ ಮೇಲೆ ಭಾರ. ಅದಕ್ಕೇ ಆ ಸದ್ದು, ಆ ಬಿಸಿ. ದೊಡ್ಡ ಕಾಯಿಲು ಹಾಕಿದ್ದರಿಂದ ಕೆಲವು ವಾರ ಮಾತ್ರ ತಡೆಯಿತು. ಕೊಳವೆಯಲ್ಲಿ ಉಳಿದಿರುವ ಎಲ್ಲವನ್ನೂ ನೋಡಿದೆ. ಎಲ್ಲ ಹಾಗೇ.

ಸೆಪ್ಟೆಂಬರಿನಲ್ಲೇ ಕಂಡಿತ್ತು. ಬರೆದರೆ ನೀವು ಓದುತ್ತೀರಿ, ಅವರು ತಂದ ಮಾಲಿನ ಬಗ್ಗೆ ಹೀಗೆ ಓದುತ್ತೀರಿ ಎಂದು ಕೈ ನಿಂತಿತು. ನೀವೂ ಅದನ್ನೇ ಮಾಡಿದ್ದೀರಿ ಎಂದು ನಿನ್ನೆ ತಿಳಿಯಿತು. ನಾವಿಬ್ಬರೂ ಸತ್ತವರ ಮಾನ ಕಾಯುತ್ತಾ ಕೂತೆವು. ಅತ್ತೆಯ ತುಟಿ ನೇರಳೆಯಾಯಿತು.

ಒಂದು ಮಾತು ಮಾತ್ರ ಹೇಳಬೇಕು. ಇವರು ಹೊಸ ಕೊಳವೆ ತಂದರೆ ಮೊದಲನೆಯದನ್ನು ಬಲ್ಬು ಹಚ್ಚಿ ಒಂದು ದಿನ ಓಡಿಸಿ ನೋಡದೆ ಯಾವ ಸೆಟ್ಟಿಗೂ ಹಾಕಿದವರಲ್ಲ. ಬಿರಡೆ ನಾನೇ ಮೊದಲು ತೆಗೆದದ್ದು ಎಂದು ಆಗಲೇ ಬರೆದಿದ್ದೆ. ಅವರಿಗೆ ನೋಡಲು ಪುರುಸೊತ್ತು ಸಿಗಲಿಲ್ಲ. ನೋಡದೆ ಹಾಕಿದವಳು ನಾನು, ಅವರ ಡ್ರಾಯರು ಎಂಬ ಒಂದೇ ಕಾರಣಕ್ಕೆ.

ಫೋನಿನ ವಿಷಯ. ಸಿಟ್ಟಲ್ಲ ಮಾವ. ಕೀಲಿಕೈ ಮಾತು ಬೇಸರ ತಂದಿತ್ತು, ನಿಜ. ಆದರೆ ಬಸ್ಸು ಶಿರಾಳಕೊಪ್ಪ ದಾಟುವುದರೊಳಗೆ ಅದು ಹೋಗಿತ್ತು. ನಿಮ್ಮ ದನಿ ಅವರದೇ. ಮದುವೆಯ ಹೊಸತರಲ್ಲಿ ಫೋನಿನಲ್ಲಿ ಯಾರು ಯಾರೆಂದು ತಿಳಿಯದೆ ನಾನು ನಿಮಗೆ "ಎಷ್ಟೊತ್ತಿಗೆ ಬರ್ತೀರಿ, ಚಹಾ ಇಡ್ಲಾ" ಎಂದು ಕೇಳಿ ನೀವು ನಕ್ಕಿದ್ದು ನೆನಪಿದೆಯೇ? ಈಗ ಆ ದನಿ "ಸುಮಾ" ಎಂದು ಕರೆದರೆ ನಾನು ಏನು ಹೇಳಲಿ? ಮೊನ್ನೆ ಫೋನು ಹೊಡೆದುಕೊಳ್ಳುತ್ತಾ ಮೇಜಿನ ಮೇಲೆ ಜರುಗುತ್ತಾ ಅಂಚಿಗೆ ಬಂತು. ಅದು ಬೀಳದ ಹಾಗೆ ಕೈ ಅಡ್ಡ ಇಟ್ಟು ಕೂತಿದ್ದೆ. ಅತ್ತೆಗೆ ಹೀಗಾಗಿರಬಹುದು ಎಂದು ಹೊಳೆಯಲಿಲ್ಲ.

ಅಸಲಿ ಐಸಿ ಇಲ್ಲಿ ಯಾರ ಹತ್ತಿರವೂ ಇಲ್ಲ. ಶಿವಮೊಗ್ಗದ ಇಬ್ಬರು ಅಂಗಡಿಯವರನ್ನು ಕೇಳಿದೆ, ಇರುವುದು ಇಂಥದೇ ಮಾಲು. ಬೆಂಗಳೂರಿನಿಂದ ತರಿಸಿದರೆ ದೀಪಾವಳಿ ಕಳೆದ ಮೇಲೆ. ನನ್ನ ಕಣ್ಣಮುಂದೆ ಇರುವ ಅಸಲಿ ಐಸಿ ಒಂದೇ. ಅದು ಐದು ವೋಲ್ಟಿನ ಡಬ್ಬಿಯೊಳಗಿದೆ.

ನಾಳೆ ನಿಮ್ಮ ಉತ್ತರ ನೋಡಿ ಡಬ್ಬಿ ಬಿಚ್ಚುತ್ತೇನೆ.

ಸುಮಾ


ಸೊರಬ
ಅಕ್ಟೋಬರ್ 16, 2025

ಚಿ. ಸುಮಾಳಿಗೆ ಆಶೀರ್ವಾದ.

ಬೆಳಗ್ಗೆ ಏಳು. ಮೊದಲ ಬಸ್ಸಿಗೆ ಕೊಡಲು ಅವಸರದಲ್ಲಿ ಬರೆಯುತ್ತಿದ್ದೇನೆ. ಹೂವಮ್ಮ ರಾತ್ರಿ ಗಂಜಿ ಕುಡಿದಳು.

ಡಬ್ಬಿ ಬಿಚ್ಚಬೇಡ. ಹಾಗೇ ಕಳಿಸು. ಹೊರಗಿನಿಂದ ಎರಡು ತಂತಿ ಎಳೆದು ಅದರ ಐದು ವೋಲ್ಟನ್ನೇ ಬೋರ್ಡಿಗೆ ಕೊಡೋಣ. ಕೆಲಸ ಆಗುತ್ತದೆ, ಡಬ್ಬಿಯೂ ಉಳಿಯುತ್ತದೆ. ಅದನ್ನು ಕಟ್ಟುವಾಗ ಅವನಿಗೆ ಮೀಸೆ ಆಗಷ್ಟೇ ಬರುತ್ತಿತ್ತು. ಆ ಐಸಿ ತರಲು ನಾನು ಬೆಂಗಳೂರಿಗೆ ಹೋಗಿ ಬಂದಿದ್ದೆ. ಅವನ ಕೈಯ ಮೊದಲ ಕೆಲಸ ಅದು. ನಿನಗೆ ಆ ದೀಪ ಏನೆಂದು ನೀನೇ ಬರೆದಿದ್ದೀಯ. ನನಗೂ ಅದು ಅಲ್ಲಿ ಉರಿಯುತ್ತಿದೆ ಎಂದು ಗೊತ್ತಾದ ಮೇಲೆ ಒಂದು ಥರ ಧೈರ್ಯ ಇತ್ತು.

ಫೋನ್ ಮಾಡುವುದಿಲ್ಲ. ನಿನ್ನ ಕಾಗದವನ್ನು ಹೂವಮ್ಮನಿಗೆ ಓದಿ ಹೇಳಿದೆ. "ಅವ್ಳು ಹೇಳದು ಖರೇನೆ. ನಾನು ದಿನಾ ಕಣ್ಮುಚ್ಚಿ ನಿಮ್ ಮಾತು ಕೇಳ್ತೀನಲ್ಲ, ಯಾಕೆ ಅಂದ್ಕಂಡ್ರಿ" ಎಂದಳು. ಈ ಮಾತು ನನಗೆ ಇಲ್ಲಿಯವರೆಗೆ ಹೇಳಿರಲಿಲ್ಲ.

ಸಿಲಿಂಡರಿನ ಮುಳ್ಳು ಕೆಂಪಿನ ಹತ್ತಿರ ಬಂದಿದೆ. ನಾಳೆ ಡಬ್ಬಿಗೆ ಕಾಯುತ್ತೇನೆ.

ಚಂದ್ರಶೇಖರಪ್ಪ


ಶಿಕಾರಿಪುರ
ಅಕ್ಟೋಬರ್ 17, 2025

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಸಂಜೆ ಆರು ಗಂಟೆ. ಕರೆಂಟು ಬೆಳಗ್ಗೆ ಒಮ್ಮೆ ಹೋಗಿತ್ತು, ಮಧ್ಯಾಹ್ನದಿಂದ ಚೆನ್ನಾಗಿದೆ. ಹಬ್ಬಕ್ಕೆ ಸೀರಿಯಲ್ ದೀಪದ ಸರ ರಿಪೇರಿಗೆ ತಂದವರು ಬಂದು ಬಂದು ಹೋದರು.

ನೀವು ಹೇಳಿದ ಹಾಗೇ ಮೊದಲು ಮಾಡಿದೆ. ಡಬ್ಬಿಯಿಂದ ಎರಡು ತಂತಿ ಎಳೆದು ಬೋರ್ಡಿಗೆ ಕೊಟ್ಟೆ. ಅತ್ತೆಯ ವಾಲ್ವಿನ ಬದಲು, ನಿನ್ನೆ ಪೂರ್ತಿ ಹುಡುಕಿ ತಂದ ನೀರಿನ ಫಿಲ್ಟರಿನ ಹಳೆ ವಾಲ್ವು ಹಚ್ಚಿದೆ, ಅದೂ ಇಪ್ಪತ್ನಾಲ್ಕು ವೋಲ್ಟಿನದು. ಹಸಿರು ದೀಪ ಬಂತು, ವಾಲ್ವು ಟಕ್ ಟಕ್ ಎಂದಿತು. ಡಬ್ಬಿ ಉಳಿಯಿತು ಎಂದು ಎದ್ದು ನೀರು ಕುಡಿದು ಬಂದೆ.

ಅಷ್ಟರಲ್ಲಿ ಕರೆಂಟು ಹೋಗಿ ಬಂತು. ಡಬ್ಬಿ ಬೇಗ ಎದ್ದಿತು, ಬೋರ್ಡಿನ ಇಪ್ಪತ್ನಾಲ್ಕು ತಡವಾಗಿ ಎದ್ದಿತು. ನಡುವೆ ಬೋರ್ಡು ಕಂಗಾಲಾಗಿ ಸುಮ್ಮನೆ ನಿಂತುಬಿಟ್ಟಿತು. ದೀಪವೂ ಇಲ್ಲ, ಅಲಾರಾಮೂ ಇಲ್ಲ. ನಾನೇ ಸ್ವಿಚ್ ಆರಿಸಿ ಹಾಕಿ ಮತ್ತೆ ಮತ್ತೆ ನೋಡಿದೆ. ಕೆಲವು ಸಲ ಏಳುತ್ತದೆ, ಕೆಲವು ಸಲ ಏಳುವುದಿಲ್ಲ. ಸೊರಬದಲ್ಲಿ ಅತ್ತೆ ನಿದ್ದೆಯಲ್ಲಿದ್ದಾಗ ಕರೆಂಟು ಹೋಗಿ ಬಂದು ಅದು ಏಳದಿದ್ದರೆ, ಮೊನ್ನೆಯ ಹಾಗೆ ಪಂಪು ಮಾತ್ರ ತಿರುಗುತ್ತಿದ್ದರೆ, ಪ್ರತಿ ಸಲ ತುಂಗಮ್ಮ ಮಜ್ಜಿಗೆಗೆ ಬರುವುದಿಲ್ಲ.

ಡಬ್ಬಿಯ ಸ್ವಿಚ್ ಆರಿಸಿದೆ. ಅದನ್ನು ನನ್ನ ಕೈಯಾರೆ ಆರಿಸಿದ್ದು ಇದೇ ಮೊದಲು. ಆಮೇಲೆ ಬಿಚ್ಚಿದೆ.

ಒಳಗೆ ಕಂಡದ್ದನ್ನು ಬರೆಯಬೇಕು. ಐಸಿಗೆ ಐದು ಕಾಲು. ಮೂರು ಕಾಲಿನ ಬೆಸುಗೆ ಸಣ್ಣಗೆ, ನುಣ್ಣಗೆ, ನೀರಿನ ಹನಿಯ ಹಾಗಿದೆ. ಉಳಿದೆರಡು ದಪ್ಪ ಮುದ್ದೆ. ಒಂದರ ಪಕ್ಕ ಹಲಗೆ ಸುಟ್ಟು ಕಪ್ಪಾಗಿದೆ. ನೀವು ಮೂರು ಹಾಕಿ ತೋರಿಸಿ, "ಇನ್ನೆರಡು ನೀನು ಹಾಕಪ್ಪ" ಎಂದಿರಬೇಕು. ಇದು ಕಂಡದ್ದಲ್ಲ, ಅಂದುಕೊಂಡದ್ದು. ಇದೊಂದನ್ನು ಬರೆಯಲು ಬಿಡಿ.

ನಿಮ್ಮ ಮೂರನ್ನು ಬೇಗ ಬಿಡಿಸಿದೆ. ಅವರ ಮುದ್ದೆಗಳು ಸುಲಭಕ್ಕೆ ಕರಗಲಿಲ್ಲ. ಐಸಿಗೆ ಬಿಸಿ ತಾಗಿ ಹಾಳಾದರೆ ಇನ್ನೊಂದಿಲ್ಲ ಎಂದು ಸ್ವಲ್ಪ ಕಾಯಿಸುವುದು, ಕೈ ತೆಗೆಯುವುದು, ಆರಲು ಬಿಡುವುದು, ಮತ್ತೆ ಕಾಯಿಸುವುದು. ಕೊನೆಯ ಕಾಲು ಬಿಟ್ಟಾಗ ನನ್ನ ಕುಪ್ಪಸ ಬೆನ್ನಿಗೆ ಅಂಟಿತ್ತು. ಥಿನ್ನರಿನಲ್ಲಿ ಒರೆಸಿದೆ. ಅಕ್ಷರ ಹೋಗಲಿಲ್ಲ.

ಅದನ್ನು ಅತ್ತೆಯ ಬೋರ್ಡಿಗೆ ಹಾಕಿದೆ. ಹಳೆಯ ಕಾಯಿಲನ್ನೇ ಮತ್ತೆ ಹಾಕಿದೆ. ಮಧ್ಯಾಹ್ನದಿಂದ ಬಲ್ಬು ಹಚ್ಚಿ, ವಾಲ್ವು ಹಚ್ಚಿ, ಸೆಕೆಯಾಗಲಿ ಎಂದು ಮೇಲೆ ರಟ್ಟಿನ ಪೆಟ್ಟಿಗೆ ಮುಚ್ಚಿ ಓಡಿಸುತ್ತಿದ್ದೇನೆ. ಐದು ವೋಲ್ಟು ಅಲ್ಲಾಡಿಲ್ಲ. ಬೆನ್ನಿನ ಮೇಲೆ ಬೆರಳಿಟ್ಟು ಕೂತರೂ ಸುಡುವುದಿಲ್ಲ. ಸ್ವಿಚ್ ಆರಿಸಿ ಹಾಕಿ ಎಷ್ಟು ಸಲ ನೋಡಿದರೂ ಎದ್ದಿತು. ಕೀಂ ಸದ್ದು ಇಲ್ಲ.

ಡಬ್ಬಿಯ ಮುಚ್ಚಳ ಹಾಕಿ ಇದ್ದ ಜಾಗದಲ್ಲೇ ಇಟ್ಟಿದ್ದೇನೆ. ಮೇಜು ಆ ಕಡೆ ಕತ್ತಲಾಗಿದೆ. ಕೊಳವೆಯಲ್ಲಿ ಉಳಿದ ಐಸಿಗಳ ಕಾಲು ಮುರಿದು ಕಸಕ್ಕೆ ಹಾಕಿದೆ, ಇನ್ನಾರ ಸೆಟ್ಟಿಗೂ ಹೋಗಬಾರದು.

ಈ ಸಲ ಬೋರ್ಡನ್ನು ಡಬ್ಬದಲ್ಲಿ ಕಳಿಸುವುದಿಲ್ಲ. ನಿಮ್ಮ ಕೈ ನಡುಗುತ್ತದೆ, ಮಿಷಿನ್ನಿಗೆ ಕೂಡಿಸುವಾಗ ತಂತಿ ಹೆಚ್ಚು ಕಡಿಮೆಯಾದರೆ ಇದಕ್ಕೆ ಬದಲಿ ಇಲ್ಲ. ನಾನೇ ತರುತ್ತೇನೆ. ಬೋರ್ಡಿನ ಜತೆ ಕಾಗದ ಇರಬೇಕೆಂಬ ನಿಯಮಕ್ಕೆ ಇದನ್ನು ಬರೆದೆ, ಇದನ್ನೂ ನಾನೇ ತಂದು ಕೊಡುತ್ತೇನೆ. ಭೀಮಣ್ಣನಿಗೆ ಸಂಜೆಯೇ ಹೇಳಿದೆ. "ಡಬ್ಬಿಗೆ ಟಿಕೀಟಿಲ್ಲ, ನಿಮಗ ಐತಿ ನೋಡ್ರಿ" ಎಂದ. "ಅಲ್ರೀ, ನಿಮ್ಮ ಆಧಾರ್ ಕಾರ್ಡು ಐತಲ್ಲ. ಹೆಣ್ಮಕ್ಕಳಿಗೆ ಟಿಕೀಟು ಪುಕ್ಕಟೆ, ಮರ್ತೇಬಿಟ್ಟಿದ್ದೆ" ಎಂದು ತಾನೇ ನಕ್ಕ.

ಬಾಗಿಲಲ್ಲಿ ನೀವು "ಬಂದೆಯಾ ಸುಮಾ" ಎನ್ನುತ್ತೀರಿ. ಸ್ವಲ್ಪ ಹೊತ್ತು ನಾನು ಉತ್ತರ ಕೊಡದಿದ್ದರೆ ತಪ್ಪು ತಿಳಿಯಬೇಡಿ, ಇನ್ನೊಮ್ಮೆ ಕರೆಯಿರಿ.

ಅಂಗಡಿಯ ಕೀಲಿಕೈ ನನ್ನ ಹತ್ತಿರವೇ ಇರುತ್ತದೆ. ಮಂಗಳವಾರ ಬಾಗಿಲು ತೆರೆಯುತ್ತೇನೆ ಎಂದು ಹಲಗೆಯ ಮೇಲೆ ಬರೆದಿಟ್ಟಿದ್ದೇನೆ.

ನಾಳೆ ಸೊರಬದ ಮೊದಲ ಬಸ್ಸು ಆರೂವರೆಗೆ.

ಸುಮಾ